ಲ್ಯೂಬೆರೋನ್ ತಪ್ಪಲಿನಲ್ಲಿ ಹುಟ್ಟಿದ ನಗೆಬರಹ

ದಕ್ಷಿಣ ಫ್ರಾನ್ಸಿನ ಪ್ರೊವಾನ್ಸ್ ಸೀಮೆಯ ಆವಿನ್ಯೋನ್ ನಗರದ ಕೋಟೆಗೋಡೆ ದಾಟಿ ಪೂರ್ವಕ್ಕೆ ಹೊರಟರೆ ದಾರಿಯುದ್ದಕ್ಕೂ ತೋಟಗಳು. ಕವಾಯೋನ್ ಸೀಮೆಯ ಕರಬೂಜದ ಹೊಲಗಳು, ಚೆರ್ರಿ ಮರಗಳು, ಅವುಗಳ ನಡುವೆ ಸಾಲುಸಾಲಾಗಿ ದ್ರಾಕ್ಷಿ. ಎಡಕ್ಕೆ ದೂರದಲ್ಲಿ 1,900 ಮೀಟರಿಗೂ ಎತ್ತರದ ವಾಂಟೂ ಬೆಟ್ಟ. ಅದರ ನೆತ್ತಿಯ ಸುಣ್ಣಕಲ್ಲು ನಡುಬೇಸಿಗೆಯಲ್ಲೂ ಹಿಮ ಹೊದ್ದ ಹಾಗೆ ಬೆಳ್ಳಗೆ ಕಾಣುತ್ತದೆ. ಬಲಕ್ಕೆ, ಕಣ್ಣಿಗೆ ತೀರ ಹತ್ತಿರದಲ್ಲಿ, ಲ್ಯೂಬೆರೋನ್ ಬೆಟ್ಟಸಾಲು. ಪೂರ್ವ ಪಶ್ಚಿಮವಾಗಿ ಹಬ್ಬಿರುವ ಈ ಸಾಲಿನ ಅತಿ ಎತ್ತರದ ಶಿಖರ 1,125 ಮೀಟರ್ ಮಾತ್ರ. ಎತ್ತರಕ್ಕೆ ಹೆಸರಾದ ಬೆಟ್ಟವಲ್ಲ ಇದು. ಹೆಸರಾದದ್ದು ಇದರ ಮಡಿಲಿನ ಹಳ್ಳಿಗಳಿಂದ: ಗೋರ್ಡ್, ರೂಸಿಯೋನ್, ಬೊನ್ಯೂ, ಲಾಕೋಸ್ತ್, ಮೆನೆರ್ಬ್. ಹಿಂದಿನ ಕಾಲದ ಯುದ್ಧಗಳಿಗೆ ಹೆದರಿದ ಜನ ಗುಡ್ಡದ ತುದಿಯಲ್ಲೋ ಬಂಡೆಯ ಬೆನ್ನಿನ ಮೇಲೋ ಒತ್ತೊತ್ತಾಗಿ ಕಟ್ಟಿಕೊಂಡ ಕಲ್ಲಿನ ಊರುಗಳು.

ಮೆನೆರ್ಬ್ ಅಂಥದೊಂದು ಊರು. ಉದ್ದನೆಯ ಕಿರಿದಾದ ಬಂಡೆಯ ಮೇಲೆ ಮನೆಗಳು, ಒಂದು ತುದಿಗೆ ಇಗರ್ಜಿ, ಕೆಳಗೆ ಸುತ್ತಲೂ ದ್ರಾಕ್ಷಿತೋಟ. ಜನಸಂಖ್ಯೆ ಸುಮಾರು ಒಂದು ಸಾವಿರ. ಪಿಕಾಸೊನ ಗೆಳತಿಯಾಗಿದ್ದ ಕಲಾವಿದೆ ಡೋರಾ ಮಾರ್ ದಶಕಗಳ ಕಾಲ ಈ ಊರಿಗೆ ಬಂದು ಹೋಗಿ ಮಾಡುತ್ತಿದ್ದರು. ಚಿತ್ರಕಾರ ನಿಕೊಲಾ ದ ಸ್ತಾಲ್ 1953ರಲ್ಲಿ ಇಲ್ಲೊಂದು ಹಳೆಯ ಕೋಟೆಮನೆ ಕೊಂಡಿದ್ದರು. ಆದರೂ ಲಂಡನ್, ಟೋಕಿಯೊ, ನ್ಯೂಯಾರ್ಕ್‌ಗಳ ಸಾಮಾನ್ಯ ಓದುಗರಿಗೆ ಮೆನೆರ್ಬ್ ಗೊತ್ತಾದದ್ದು ಕಲೆಯಿಂದಲ್ಲ. ಕಾದಂಬರಿ ಬರೆಯಬೇಕೆಂದು ಇಲ್ಲಿಗೆ ಬಂದು, ಆ ಕಾದಂಬರಿಯನ್ನು ಬರೆಯಲಾಗದೆ, ತನ್ನ ಮನೆ ರಿಪೇರಿಯ ಕಥೆಯನ್ನು ಬರೆದ ಇಂಗ್ಲಿಷರೊಬ್ಬರಿಂದ. ಅವರ ಹೆಸರು ಪೀಟರ್ ಮೇಯ್ಲ್.

ಮೇಯ್ಲ್ ಹುಟ್ಟಿದ್ದು 1939ರ ಜೂನ್ 14ರಂದು, ಇಂಗ್ಲೆಂಡಿನ ಕಡಲತೀರದ ಊರು ಬ್ರೈಟನ್‌ನಲ್ಲಿ. ತಂದೆ ವಸಾಹತು ಇಲಾಖೆಯ ನೌಕರಿಯಲ್ಲಿದ್ದುದರಿಂದ ಬಾಲ್ಯದ ಒಂದು ಭಾಗ ಬಾರ್ಬಡೋಸ್ ದ್ವೀಪದಲ್ಲಿ ಕಳೆಯಿತು. ಮೊದಲ ಕೆಲಸ ಷೆಲ್ ತೈಲ ಕಂಪನಿಯಲ್ಲಿ. ಆ ಕಂಪನಿಯ ಜಾಹೀರಾತು ಮಾಡುತ್ತಿದ್ದವರು ನ್ಯೂಯಾರ್ಕಿನ ಡೇವಿಡ್ ಓಗಿಲ್ವಿ ಎಂದು ತಿಳಿದು, ಕೆಲಸ ಕೊಡಿ ಎಂದು ಅವರಿಗೇ ಕಾಗದ ಬರೆದರು. ಕೆಲಸ ಸಿಕ್ಕಿತು. ಅಲ್ಲಿಂದ ಸುಮಾರು ಹದಿನೈದು ವರ್ಷ ನ್ಯೂಯಾರ್ಕ್ ಮತ್ತು ಲಂಡನ್‌ನ ಜಾಹೀರಾತು ಲೋಕದಲ್ಲಿ ಅವರು ಬೆಳೆದರು. ಬಳಿಕ ಆ ಕೆಲಸ ಬಿಟ್ಟು ಪುಸ್ತಕ ಬರೆಯತೊಡಗಿದರು. ಮಗು ಎಲ್ಲಿಂದ ಬರುತ್ತದೆ ಎಂದು ಮಕ್ಕಳಿಗೆ ಸಂಕೋಚವಿಲ್ಲದೆ ವಿವರಿಸುವ ಚಿತ್ರಪುಸ್ತಕವೊಂದನ್ನು 1973ರಲ್ಲಿ ಪ್ರಕಟಿಸಿದರು. ಅದು ತಂದೆತಾಯಂದಿರ ನಡುವೆ ಬಹಳ ಜನಪ್ರಿಯವಾಯಿತು. ಅದರಲ್ಲೂ ನಗೆಯ ಎಳೆ ಇತ್ತು. ಆದರೆ ಆ ನಗೆ ವಿಷಯವನ್ನು ಹಗುರ ಮಾಡಲು ಬಳಸಿದ ಉಪಾಯ. ತನ್ನ ಸ್ವಂತ ಬದುಕನ್ನೇ ನಗೆಯ ಕಣ್ಣಿನಿಂದ ನೋಡಿ ಬರೆಯಬಲ್ಲೆ ಎಂಬುದು ಅವರಿಗೆ ಗೊತ್ತಾಗಲು ಇನ್ನೂ ಹದಿನೈದು ವರ್ಷ ಬೇಕಾಯಿತು, ದೇಶವನ್ನೂ ಬಿಡಬೇಕಾಯಿತು.

1987ರಲ್ಲಿ ಅವರೂ ಹೆಂಡತಿ ಜೆನ್ನಿಯೂ ನಾಯಿಗಳ ಸಮೇತ ಮೆನೆರ್ಬ್ ಬಳಿಯ ತೋಟದ ಮನೆಗೆ ಬಂದು ನೆಲೆಸಿದರು. ಮೇಯ್ಲ್‌ಗೆ ಆಗ ನಲವತ್ತೇಳು ತುಂಬಿತ್ತು. ಇನ್ನೂರು ವರ್ಷ ಹಳೆಯ ಕಲ್ಲಿನ ಮನೆ, ಜೊತೆಗೆ ಒಂದಿಷ್ಟು ದ್ರಾಕ್ಷಿತೋಟ. ತೋಟವನ್ನು ನೆರೆಯ ರೈತ ಪಾಲಿಗೆ ಮಾಡುತ್ತಿದ್ದ. ಬೇಸಿಗೆಯ ರಜೆಗಳಲ್ಲಿ ಕಂಡು ಮೆಚ್ಚಿದ್ದ ಸೀಮೆ ಇದು. ಬಿಸಿಲಿಗೆ, ಊಟಕ್ಕೆ, ನಿಧಾನದ ಬದುಕಿಗೆ ಮನಸೋತು ಬಂದವರು. ಇಲ್ಲಿ ಕೂತು ಕಾದಂಬರಿ ಮುಗಿಸುವುದು ಮೇಯ್ಲ್ ಹಾಕಿಕೊಂಡಿದ್ದ ಲೆಕ್ಕ.

ರಜೆಗೆ ಬಂದವರಿಗೆ ಕಾಣದ ಪ್ರೊವಾನ್ಸ್ ಒಂದಿದೆ. ಅದು ಚಳಿಗಾಲದ್ದು. ರೋನ್ ನದಿಯ ಕಣಿವೆಯಲ್ಲಿ ವಾಯವ್ಯದಿಂದ ನುಗ್ಗಿಬರುವ ಮಿಸ್ತ್ರಾಲ್ ಎಂಬ ಗಾಳಿ ಗಂಟೆಗೆ 90, 100 ಕಿಲೋಮೀಟರ್ ವೇಗದಲ್ಲಿ ದಿನಗಟ್ಟಲೆ ಬೀಸುತ್ತದೆ. ಆಕಾಶ ತೊಳೆದಿಟ್ಟಷ್ಟು ನೀಲಿಯಾಗಿರುತ್ತದೆ, ಚಳಿ ಮಾತ್ರ ಮೂಳೆಗೆ ಇಳಿಯುತ್ತದೆ. ಇಲ್ಲಿಯ ಹಳೆಯ ತೋಟದ ಮನೆಗಳೆಲ್ಲ ಈ ಗಾಳಿಗೆ ಬೆನ್ನು ತಿರುಗಿಸಿ ಕೂತಿರುವುದನ್ನು ಇವತ್ತಿಗೂ ನೋಡಬಹುದು. ಉತ್ತರದ ಗೋಡೆಯಲ್ಲಿ ಕಿಟಕಿ ಇರುವುದಿಲ್ಲ, ಇದ್ದರೂ ಅಂಗೈಯಗಲ. ಗಾಳಿಗೆ ಅಡ್ಡವಾಗಿ ಸೈಪ್ರೆಸ್ ಮರಗಳ ಸಾಲು ಬೆಳೆಸಿರುತ್ತಾರೆ. ಮೇಯ್ಲ್ ದಂಪತಿಗಳ ಮೊದಲ ಜನವರಿಯಲ್ಲಿ ಈ ಗಾಳಿ ಬೀಸಿತು, ನೀರು ಹೆಪ್ಪುಗಟ್ಟಿತು, ಕೊಳಾಯಿಗಳು ಒಡೆದವು. ಪ್ಲಂಬರ್‌ನನ್ನು ಕರೆಸಬೇಕಾಯಿತು.

ಆ ಪ್ಲಂಬರ್ ಬಂದ ಗಳಿಗೆಯೇ ಮೇಯ್ಲ್ ಅವರ ಬರಹದ ತಿರುವು ಎನ್ನಬಹುದು. ಪುಸ್ತಕದಲ್ಲಿ ಆತನ ಹೆಸರು ಮೆನಿಕುಚಿ. ಒಡೆದ ಕೊಳವೆ ಹಿಡಿದುಕೊಂಡೇ ಆತ ಈ ಚಳಿಗೆ ಕಾರಣವೇನೆಂದು ವಿವರಿಸುತ್ತಾನೆ. ಭೂಮಿಯ ಬಾಗು ಎಲ್ಲೋ ಸ್ವಲ್ಪ ಚಪ್ಪಟೆಯಾಗಿದೆ, ಹಾಗಾಗಿ ಸೈಬೀರಿಯದಿಂದ ಬರುವ ಗಾಳಿಗೆ ಪ್ರೊವಾನ್ಸಿಗೆ ಒಳದಾರಿ ಸಿಕ್ಕಿದೆ ಎನ್ನುವುದು ಆತನ ಸಿದ್ಧಾಂತ. ಆತ ಕ್ಲಾರಿನೆಟ್ ನುಡಿಸುತ್ತಾನೆ, ಜೊತೆಗಿರುವ ಹುಡುಗನಿಗೆ ಕೆಲಸದ ಪಾಠ ಹೇಳುತ್ತಾನೆ, ಪ್ರಪಂಚದ ಬೇರೆ ಸಂಗತಿಗಳ ಮೇಲೂ ಖಚಿತ ಅಭಿಪ್ರಾಯ ಹೊಂದಿದ್ದಾನೆ. ಇಂಥ ಮನುಷ್ಯ ಎದುರಿಗಿರುವಾಗ ಕಲ್ಪನೆಯ ಪಾತ್ರಗಳಿಗಾಗಿ ತಡಕಾಡುವ ಅಗತ್ಯ ಯಾರಿಗಿರುತ್ತದೆ?

ಅತ್ತ ಲಂಡನ್‌ನಲ್ಲಿ ಅವರ ಸಾಹಿತ್ಯ ಏಜೆಂಟ್ ಆಬ್ನರ್ ಸ್ಟೈನ್ ಕಾದಂಬರಿಗಾಗಿ ಕಾಯುತ್ತಿದ್ದರು. ಕಾದಂಬರಿ ಮುಂದುವರಿಯುತ್ತಿರಲಿಲ್ಲ. ಅಡುಗೆಮನೆಯ ಗೋಡೆ ಒಡೆದಿದ್ದರು. ಮನೆ ತುಂಬ ದೂಳು. ಒಬ್ಬರು ಬಂದು ಕೆಲಸ ಶುರುಮಾಡಿ ಹೋದರೆ ಇನ್ನೊಬ್ಬರು ಬರುತ್ತಿರಲಿಲ್ಲ. ಯಾಕೆ ತಡವಾಗುತ್ತಿದೆ ಎಂದು ವಿವರಿಸಿ ಮೇಯ್ಲ್ ಏಜೆಂಟರಿಗೆ ಉದ್ದನೆಯ ಕಾಗದ ಬರೆದರು. ಅದು ಸಬೂಬಿನ ಕಾಗದ. ಓದಿದ ಸ್ಟೈನ್‌ಗೆ ಕಾದಂಬರಿಯ ಆಸೆ ಹೋಯಿತು. ಇದೇ ಧಾಟಿಯಲ್ಲಿ ಇನ್ನೊಂದು ಇನ್ನೂರೈವತ್ತು ಪುಟ ಬರೆದರೆ ಪ್ರಕಾಶಕರನ್ನು ಹುಡುಕಬಹುದು ಎಂದು ಉತ್ತರ ಬಂತು.

ಹೀಗೆ ಹುಟ್ಟಿದ ಪುಸ್ತಕ 1989ರಲ್ಲಿ ಪ್ರಕಟವಾದ ‘ಎ ಇಯರ್ ಇನ್ ಪ್ರೊವಾನ್ಸ್’. ಹ್ಯಾಮಿಶ್ ಹ್ಯಾಮಿಲ್ಟನ್ ಸಂಸ್ಥೆ ಮೊದಲು ಅಚ್ಚುಹಾಕಿದ್ದು 3,000 ಪ್ರತಿ.

ಪುಸ್ತಕದ ರಚನೆ ತೀರ ಸರಳ. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದರಂತೆ ಹನ್ನೆರಡು ಅಧ್ಯಾಯ. ಹೊಸವರ್ಷದ ದಿನದ ಮಧ್ಯಾಹ್ನದ ಊಟದಿಂದ ಶುರುವಾಗುವ ಕಥೆ ಕ್ರಿಸ್ಮಸ್ ಊಟದಲ್ಲಿ ಮುಗಿಯುತ್ತದೆ. ಇದರೊಳಗೆ ದೊಡ್ಡ ಘಟನೆಗಳಿಲ್ಲ. ಮನೆಗೆ ಹೀಟಿಂಗ್ ಬರುತ್ತದೋ ಇಲ್ಲವೋ ಎಂಬುದೇ ಮುಖ್ಯ ಕುತೂಹಲ. ದಂಪತಿಗಳು ಮಾಡಿಸಿದ ಕಲ್ಲಿನ ಮೇಜೊಂದು ಲಾರಿಯಲ್ಲಿ ಬಂದು ಅಂಗಳದ ದಾರಿಯಲ್ಲೇ ಇಳಿಯುತ್ತದೆ. ಅದನ್ನು ಎತ್ತಿ ಜಾಗಕ್ಕೆ ಸಾಗಿಸಲು ಜನ ಸಾಲದೆ ಅದು ಅಲ್ಲೇ ಉಳಿಯುತ್ತದೆ. ಗಾರೆ ಕೆಲಸದವರು ಯಾವತ್ತು ಬರುತ್ತಾರೆ ಎಂದು ಕೇಳಿದರೆ ಸಿಗುವ ಉತ್ತರವನ್ನು ಮಾತಿಗಿಂತ ಅವರ ಕೈ ಚೆನ್ನಾಗಿ ಹೇಳುತ್ತದೆ. ಚಾಚಿದ ಅಂಗೈ ಆಚೀಚೆ ತುಸು ಓಲಾಡಿದರೆ ಇವತ್ತು, ನಾಳೆ ಎಂದದ್ದನ್ನೆಲ್ಲ ಮರೆತುಬಿಡಬೇಕು. ನಮ್ಮಲ್ಲಿ ಮನೆ ಕಟ್ಟಿಸಿದ ಯಾರೇ ಆಗಲಿ, ಮೇಸ್ತ್ರಿಯ ಬರವಿಗೆ ಬೆಳಗಿನಿಂದ ಬಾಗಿಲು ಕಾದವರು, ಈ ಪುಟಗಳನ್ನು ತಮ್ಮದೇ ಅನುಭವದಂತೆ ಓದಬಲ್ಲರು.

ಕೈಕುಲುಕುವ ಪದ್ಧತಿಯನ್ನು ಮೇಯ್ಲ್ ಗಮನಿಸಿದ ಬಗೆಯನ್ನೇ ನೋಡಿ. ಪ್ರೊವಾನ್ಸಿನಲ್ಲಿ ಎದುರಾದವರೆಲ್ಲರ ಕೈ ಮುಟ್ಟದೆ ಮಾತು ಶುರುವಾಗುವುದಿಲ್ಲ. ಆದರೆ ಕೈಗೆ ಗಾರೆಯೋ ಬಣ್ಣವೋ ಮೆತ್ತಿದ್ದರೆ? ಆಗ ಕಿರುಬೆರಳು ಚಾಚುತ್ತಾರೆ. ಅದೂ ಆಗದಿದ್ದರೆ ಮೊಣಕೈ ಮುಂದೆ ಮಾಡುತ್ತಾರೆ. ಇನ್ನು ಹೆಂಗಸರ ಕೆನ್ನೆಗೆ ಎಷ್ಟು ಮುತ್ತು, ಮೊದಲು ಯಾವ ಕೆನ್ನೆಗೆ ಎನ್ನುವುದನ್ನು ಆ ಇಂಗ್ಲಿಷ್ ಮನುಷ್ಯ ಗುಟ್ಟಾಗಿ ಅಕ್ಕಪಕ್ಕ ನೋಡಿ ಕಲಿಯಬೇಕಾಗುತ್ತದೆ. ನಲವತ್ತೇಳು ವರ್ಷದ, ಲಂಡನ್ನಿನ ಕಚೇರಿಗಳಲ್ಲಿ ಹತ್ತಾರು ಜನರಿಗೆ ಕೆಲಸ ಹೇಳಿದ ವ್ಯಕ್ತಿ, ನಮಸ್ಕಾರ ಹೇಳುವುದನ್ನೇ ಹೊಸದಾಗಿ ಕಲಿಯುತ್ತಿದ್ದಾನೆ. ನಗು ಹುಟ್ಟುವುದು ಇಲ್ಲಿ.

ಬೆಟ್ಟದ ಕಡೆಯ ನೆರೆಯವ ಮಾಸ್ಸೊ ಇನ್ನೊಂದು ಬಗೆ. ಹೊರಗಿನವರು ಬಂದು ಕಾಡಿನಲ್ಲಿ ಡೇರೆ ಹಾಕುವುದನ್ನು ಸಹಿಸದ ಆತ ನಾಯಿಗಳನ್ನಿಟ್ಟುಕೊಂಡು ಕಾವಲು ಕಾಯುತ್ತಾನೆ. ನರಿಮಾಂಸದ ಅಡುಗೆ ಹೇಗೆ ಮಾಡುವುದೆಂದು ಗಂಭೀರವಾಗಿ ವಿವರಿಸುತ್ತಾನೆ. ಆತನ ಮಾತಿನಲ್ಲಿ ನಂಬುವುದು ಎಷ್ಟು, ಬಿಡುವುದು ಎಷ್ಟು ಎಂದು ಪರದೇಶದಿಂದ ಬಂದವರಿಗೆ ತಿಳಿಯದು. ಆಗಸ್ಟ್ ತಿಂಗಳಲ್ಲಿ ಬೊನ್ಯೂ ಊರಿನ ಬೀದಿಯಲ್ಲಿ ನಡೆಯುವ ಮೇಕೆಗಳ ಓಟ, ಅದರ ಮೇಲಿನ ಬಾಜಿ. ಚಳಿಗಾಲದಲ್ಲಿ ಓಕ್ ಮರದ ಬೇರಿನ ಬಳಿ ನೆಲದಡಿ ಬೆಳೆಯುವ ಟ್ರಫಲ್ ಅಣಬೆಗಾಗಿ ನಡೆಯುವ ಗುಪ್ತ ಹುಡುಕಾಟ. ಕವಾಯೋನ್‌ನ ಬೇಕರಿಯಲ್ಲಿ ಯಾವ ಊಟಕ್ಕೆ ಯಾವ ರೊಟ್ಟಿ ಎಂಬ ಶಾಸ್ತ್ರ. ಇಂಥ ವಿವರಗಳಿಂದಲೇ ಪುಸ್ತಕ ತುಂಬಿದೆ.

ಟ್ರಫಲ್ ವಿಚಾರ ಸ್ವಲ್ಪ ಹೇಳಲೇಬೇಕು. ಕಪ್ಪು ಟ್ರಫಲ್‌ನ ಕಾಲ ನವೆಂಬರ್‌ನಿಂದ ಮಾರ್ಚ್. ಇದೇ ವೊಕ್ಲೂಜ್ ಜಿಲ್ಲೆಯ ಕಾರ್ಪಾಂತ್ರಾ ಮತ್ತು ರಿಶೆರಾಂಶ್ ಊರುಗಳ ಸಂತೆಗಳು ಇದಕ್ಕೆ ಹೆಸರುವಾಸಿ. ನೆಲದ ಮೇಲೆ ಗುರುತೇ ಇಲ್ಲದ ಈ ಅಣಬೆಯನ್ನು ಹಿಂದೆ ಹಂದಿಗಳಿಂದ ಹುಡುಕಿಸುತ್ತಿದ್ದರು. ಹಂದಿ ತಾನೇ ತಿಂದುಬಿಡುತ್ತದೆಂದು ಈಗ ಪಳಗಿಸಿದ ನಾಯಿಗಳನ್ನು ಬಳಸುತ್ತಾರೆ. ತನಗೆ ಟ್ರಫಲ್ ಸಿಗುವ ಜಾಗವನ್ನು ಯಾರೂ ಯಾರಿಗೂ ಹೇಳುವುದಿಲ್ಲ. ಇದರ ಸುತ್ತ ಕಟ್ಟಿಕೊಂಡಿರುವ ಸಂಶಯ, ಹೊಂಚು, ಪಿಸುಮಾತು, ನಗದು ವ್ಯವಹಾರ ಎಲ್ಲವೂ ಸ್ಥಳೀಯರಿಗೆ ಹುಟ್ಟಿನಿಂದ ಪರಿಚಿತ. ಪರಿಚಿತವಾದ್ದರಿಂದ ಅವರಿಗೆ ಅದರಲ್ಲಿ ಬರೆಯುವಂಥದ್ದೇನೂ ಕಾಣುವುದಿಲ್ಲ. ಹೊಸಬನಿಗೆ ಮಾತ್ರ ಅದು ನಾಟಕದಂತೆ ಕಾಣುತ್ತದೆ.

ಪುಸ್ತಕ ಮುಗಿಯುವ ಬಗೆಯೂ ಸೊಗಸಾಗಿದೆ. ವರ್ಷ ಮುಗಿಯುತ್ತ ಬಂದರೂ ಮನೆ ಮುಗಿದಿಲ್ಲ. ಬೈದು ಪ್ರಯೋಜನವಿಲ್ಲ, ಬೇಡಿಕೊಂಡೂ ಪ್ರಯೋಜನವಿಲ್ಲ. ಆಗ ಮೇಯ್ಲ್ ಅವರ ಪತ್ನಿಗೆ ಒಂದು ಉಪಾಯ ಹೊಳೆಯುತ್ತದೆ. ಕ್ರಿಸ್ಮಸ್ಸಿಗೆ ಮೊದಲು ಮನೆಯಲ್ಲೊಂದು ಔತಣ. ಕೆಲಸಗಾರರೆಲ್ಲರಿಗೂ ಆಹ್ವಾನ, ಆದರೆ ಹೆಂಡತಿಯರ ಸಮೇತ. ತನ್ನ ಅರೆಬರೆ ಕೆಲಸವನ್ನು ಎಲ್ಲರ ಎದುರು ಹೆಂಡತಿಗೆ ತೋರಿಸಲು ಯಾವ ಗಂಡ ಒಪ್ಪುತ್ತಾನೆ? ಮೇಸ್ತ್ರಿ, ಬಡಗಿ, ಗಿಲಾವು ಮಾಡುವವನು, ಬಣ್ಣದವನು ಎಲ್ಲರೂ ಓಡಿಬರುತ್ತಾರೆ. ಮನೆ ಮುಗಿಯುತ್ತದೆ.

ಈ ನಗೆಬರಹದ ಗುಣ ಎಲ್ಲಿದೆ ಎಂದು ಕೇಳಿಕೊಂಡರೆ ಮೂರು ಸಂಗತಿಗಳು ಕಾಣುತ್ತವೆ.

ಮೊದಲನೆಯದು, ಮೇಯ್ಲ್ ತಮ್ಮ ಹಳೆಯ ಕಸುಬನ್ನು ಮರೆಯಲಿಲ್ಲ. ಜಾಹೀರಾತು ಬರೆದ ಕೈಗೆ ಪದ ಖರ್ಚುಮಾಡುವ ಅಭ್ಯಾಸವಿರುವುದಿಲ್ಲ. ಒಂದು ವಾಕ್ಯದಲ್ಲಿ ಮನುಷ್ಯನನ್ನು ನಿಲ್ಲಿಸಬೇಕು, ಇನ್ನೊಂದರಲ್ಲಿ ಓದುಗನನ್ನು ಹಿಡಿಯಬೇಕು. ವರ್ಷಗಳ ಈ ಸಾಧನೆ ಹಿಂದೆ ಸರಕಿನ ಮಾರಾಟಕ್ಕೆ ಬಳಕೆಯಾಗಿತ್ತು. ಮೆನೆರ್ಬ್‌ನಲ್ಲಿ ಅದಕ್ಕೆ ತಕ್ಕ ವಸ್ತು ಸಿಕ್ಕಿತು. ಆದ್ದರಿಂದ ನಡುವಯಸ್ಸಿನಲ್ಲಿ ದಿಢೀರನೆ ಪ್ರತಿಭೆ ಉಕ್ಕಿತು ಎನ್ನುವುದು ಪೂರ್ತಿ ಸರಿಯಲ್ಲ. ಹಳೆಯ ಕಸುಬು ಹೊಸ ಜಾಗಕ್ಕೆ ಬಂದು ಬೇರೆಯದೇ ಫಲ ಕೊಟ್ಟಿತು.

ಎರಡನೆಯದು, ಅಜ್ಞಾನದ ಸ್ಥಾನ. ಸ್ವದೇಶದಲ್ಲಿ ಐವತ್ತರ ಆಸುಪಾಸಿನ ಮನುಷ್ಯನಿಗೆ ಎಲ್ಲವೂ ಗೊತ್ತಿರುತ್ತದೆ, ಗೊತ್ತಿಲ್ಲದ್ದನ್ನು ಮರೆಮಾಚುವುದೂ ಗೊತ್ತಿರುತ್ತದೆ. ಪರದೇಶದಲ್ಲಿ ಆ ಮುಸುಕು ಜಾರುತ್ತದೆ. ಶಾಲೆಯಲ್ಲಿ ಕಲಿತ ಫ್ರೆಂಚ್ ಹಿಡಿದು ಬಂದವರಿಗೆ ಪ್ರೊವಾನ್ಸಿನ ರೈತನ ಉಚ್ಚಾರಣೆ ಬೇರೊಂದು ಭಾಷೆಯಂತೆಯೇ ಕೇಳಿಸುತ್ತದೆ. ಸ್ಥಾನಮಾನವೆಲ್ಲ ಕಳಚಿ ಶಿಷ್ಯನಾಗಿ ನಿಲ್ಲಬೇಕಾಗುತ್ತದೆ. ಇಪ್ಪತ್ತೈದರ ಯುವಕನಾಗಿದ್ದರೆ ಬಹುಶಃ ಅವಮಾನವಾಗುತ್ತಿತ್ತು, ಸಿಟ್ಟು ಬರುತ್ತಿತ್ತು. ಗೆಲ್ಲಬೇಕಾದ್ದನ್ನು ಒಂದಿಷ್ಟು ಗೆದ್ದು ಬಂದ ವಯಸ್ಸಿನಲ್ಲಿ ಅದೇ ಸಂಗತಿ ನಗುವಿಗೆ ವಸ್ತುವಾಗುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯ. ಮೇಯ್ಲ್ ಬರೆದ ಜನ ತಮ್ಮ ಕೆಲಸದಲ್ಲಿ ನಿಪುಣರು. ಮೆನಿಕುಚಿಯ ಹವಾಮಾನ ಸಿದ್ಧಾಂತಕ್ಕೆ ನಾವು ನಗುತ್ತೇವೆ, ಆತ ಜೋಡಿಸಿದ ಕೊಳವೆ ಸೋರುವುದಿಲ್ಲ. ಗಾರೆಯವರು ತಡವಾಗಿ ಬರುತ್ತಾರೆ, ಬಂದ ಮೇಲೆ ಕಲ್ಲಿನ ಗೋಡೆಯನ್ನು ಅವರು ನಿಭಾಯಿಸುವ ಪರಿಗೆ ಮೇಯ್ಲ್ ಮೆಚ್ಚಿ ನಿಲ್ಲುತ್ತಾರೆ. ಆತಿಥೇಯರ ಬಗೆಗಿನ ಈ ಗೌರವ ಇಲ್ಲದಿದ್ದರೆ ಇದು ದುಡ್ಡಿದ್ದವನು ಬಡ ಹಳ್ಳಿಗರನ್ನು ಆಡಿಕೊಂಡ ಪುಸ್ತಕವಾಗುತ್ತಿತ್ತು. ಪ್ರೊವಾನ್ಸಿನವರನ್ನು ಚಿತ್ರದ ಗೊಂಬೆಗಳಂತೆ ಬಿಡಿಸಿದ್ದಾರೆ ಎಂಬ ಆಕ್ಷೇಪ ಬಂದದ್ದೂ ಉಂಟು. ಅದರಲ್ಲಿ ಸ್ವಲ್ಪ ನಿಜವಿದೆ: ಪುಸ್ತಕದಲ್ಲಿ ಬಡತನದ, ಊರು ಬಿಟ್ಟುಹೋದ ಯುವಕರ ಕಥೆ ಇಲ್ಲ. ಆದರೂ ನಗುವಿನ ಮೊದಲ ಪಾಲು ಲೇಖಕ ತನಗೇ ಇಟ್ಟುಕೊಂಡಿದ್ದಾರೆ ಎಂಬುದನ್ನು ಒಪ್ಪಲೇಬೇಕು.

ಪ್ರೊವಾನ್ಸಿನ ನೆಲಕ್ಕೆ ನಗೆಬರಹ ಹೊಸದೂ ಅಲ್ಲ. ನೀಮ್ ನಗರದಲ್ಲಿ ಹುಟ್ಟಿದ ಆಲ್ಫೋನ್ಸ್ ದೋದೆ 1872ರಲ್ಲಿ ತರಸ್ಕೋನ್ ಊರಿನ ಬಡಾಯಿ ಬೇಟೆಗಾರನ ಕಥೆ ಬರೆದರು. ಒಬಾನ್ಯ್ ಊರಿನ ಮಾರ್ಸೆಲ್ ಪನ್ಯೋಲ್ ಮಾರ್ಸೇಯ ಬಂದರಿನ ಮಾತುಗಾರರನ್ನು ರಂಗಕ್ಕೆ ತಂದರು. ತನ್ನ ಬಾಲ್ಯದ ನೆನಪುಗಳನ್ನು ಪ್ರಕಟಿಸತೊಡಗಿದ್ದು 1957ರಲ್ಲಿ, ಅರುವತ್ತು ದಾಟಿದ ಮೇಲೆ. ಆದರೆ ಇವರಿಬ್ಬರೂ ಮನೆಯ ಮಕ್ಕಳು. ಮೇಯ್ಲ್ ಹೊರಗಿನಿಂದ ಬಂದು ಅದೇ ಮಣ್ಣಿನಲ್ಲಿ ಇನ್ನೊಂದು ಬಗೆಯ ನಗು ಕಂಡರು.

ಪುಸ್ತಕ ಮೊದಲು ನಿಧಾನವಾಗಿಯೇ ಹೋಯಿತು. ಲಂಡನ್ನಿನ ‘ಸಂಡೇ ಟೈಮ್ಸ್’ ಅದರ ಭಾಗಗಳನ್ನು ಅಚ್ಚುಮಾಡಿತು. ಓದಿದವರು ಗೆಳೆಯರಿಗೆ ಹೇಳಿದರು. ಮೂರು ಸಾವಿರ ಪ್ರತಿಯ ಪುಸ್ತಕ ಬ್ರಿಟನ್ ಒಂದರಲ್ಲೇ ಹತ್ತು ಲಕ್ಷ ದಾಟಿತು, ಹತ್ತಾರು ಭಾಷೆಗಳಿಗೆ ಹೋಯಿತು. 1991ರಲ್ಲಿ ಎರಡನೆಯ ಪುಸ್ತಕ ‘ತೂಜೂರ್ ಪ್ರೊವಾನ್ಸ್’ ಬಂತು. 1993ರಲ್ಲಿ ಬಿಬಿಸಿ ಜಾನ್ ಥಾ ಅವರನ್ನು ಮುಖ್ಯಪಾತ್ರದಲ್ಲಿಟ್ಟು ಧಾರಾವಾಹಿ ಮಾಡಿತು. ಆಮೇಲೆ ಬಂದದ್ದು ಯಾರೂ ಎಣಿಸದ ಕಷ್ಟ. ಓದುಗರು ಪುಸ್ತಕ ಕೈಯಲ್ಲಿ ಹಿಡಿದು ಮೆನೆರ್ಬ್‌ಗೆ ಬರತೊಡಗಿದರು, ಮನೆ ಹುಡುಕಿಕೊಂಡು ಅಂಗಳಕ್ಕೇ ಬಂದು ನಿಂತರು. ನೆಮ್ಮದಿಯನ್ನು ಹೊಗಳಿ ಬರೆದ ಪುಸ್ತಕ ಬರೆದವರ ನೆಮ್ಮದಿಯನ್ನೇ ಕಸಿದುಕೊಂಡಿತು. ಊರಿನ ಎಲ್ಲರಿಗೂ ಈ ಜಾತ್ರೆ ಹಿತವಾಗಲಿಲ್ಲ. ಹೋಟೆಲಿನವರಿಗೆ, ವೈನ್ ಮಾರುವವರಿಗೆ ಲಾಭವಾಯಿತು, ಮನೆಗಳ ಬೆಲೆ ಏರಿತು. ಕಡೆಗೆ ಮೇಯ್ಲ್ ದಂಪತಿಗಳು ಮನೆ ಮಾರಿ ಅಮೆರಿಕದ ಲಾಂಗ್ ಐಲೆಂಡ್‌ಗೆ ಹೋದರು.

ಇಲ್ಲಿ ಇನ್ನೊಬ್ಬ ವಲಸಿಗರ ಕಥೆ ನೆನೆಯುವುದು ಉಚಿತ. ಅದು ಇದೇ ದಾರಿಯ ಎದುರು ದಿಕ್ಕಿನ ಪಯಣ. ಹಂಗೇರಿಯ ಶಿಕ್ಲೋಶ್ ಊರಿನಲ್ಲಿ 1912ರಲ್ಲಿ ಹುಟ್ಟಿದ ಜಾರ್ಜ್ ಮಿಕೆಶ್ ಬುಡಾಪೆಸ್ಟಿನಲ್ಲಿ ಕಾನೂನು ಓದಿ ಪತ್ರಕರ್ತರಾದವರು. 1938ರಲ್ಲಿ ಮ್ಯೂನಿಕ್ ಬಿಕ್ಕಟ್ಟಿನ ವರದಿಗೆಂದು ಅವರನ್ನು ಲಂಡನ್ನಿಗೆ ಕಳಿಸಿದ್ದು ಎರಡು ವಾರಕ್ಕೆ. ಅವರು ಜೀವಮಾನವಿಡೀ ಅಲ್ಲೇ ಉಳಿದರು. ಯುದ್ಧಕಾಲದಲ್ಲಿ ಬಿಬಿಸಿಯ ಹಂಗೇರಿ ವಿಭಾಗದಲ್ಲಿ ಕೆಲಸ ಮಾಡಿದರು. 1946ರಲ್ಲಿ, ತಾವು ಬೆಳೆದಮೇಲೆ ರೂಢಿಸಿಕೊಂಡ ಇಂಗ್ಲಿಷಿನಲ್ಲಿ, ಇಂಗ್ಲಿಷರ ನಡುವೆ ಪರದೇಶಿಯಾಗಿ ಬಾಳುವುದು ಹೇಗೆಂದು ವಿವರಿಸುವ ತೆಳ್ಳನೆಯ ಪುಸ್ತಕ ‘ಹೌ ಟು ಬಿ ಆನ್ ಏಲಿಯನ್’ ಬರೆದರು. ಬುಡಾಪೆಸ್ಟಿನಿಂದಲೇ ಬಂದಿದ್ದ ಪ್ರಕಾಶಕ ಆಂದ್ರೆ ಡಾಯಿಷ್ ಅದನ್ನು ಹೊರತಂದರು, ನಿಕೊಲಸ್ ಬೆಂಟ್ಲಿ ಚಿತ್ರ ಬರೆದರು. ಇಂಗ್ಲಿಷರ ಚಹಾ, ಹವಾಮಾನದ ಮಾತುಕತೆ, ಸಾಲು ನಿಲ್ಲುವ ಶ್ರದ್ಧೆ ಯಾವುದನ್ನೂ ಮಿಕೆಶ್ ಬಿಡಲಿಲ್ಲ. ಇಂಗ್ಲಿಷರು ಸಿಟ್ಟಾಗುತ್ತಾರೆ ಎಂದು ಅವರು ಸಿದ್ಧರಾಗಿಯೇ ಕೂತಿದ್ದರು. ಇಂಗ್ಲಿಷರಿಗೆ ಪುಸ್ತಕ ಬಹಳ ಹಿಡಿಸಿತು. ಮುದ್ರಣದ ಮೇಲೆ ಮುದ್ರಣವಾಯಿತು.

ಒಂದೇ ಪುಸ್ತಕದಿಂದ ಪತ್ರಕರ್ತ ಮಿಕೆಶ್ ಹಾಸ್ಯಲೇಖಕ ಮಿಕೆಶ್ ಆದರು. ಅಮೆರಿಕ, ಇಸ್ರೇಲ್, ಜರ್ಮನಿ, ಇಟಲಿ, ಆಸ್ಟ್ರೇಲಿಯ, ಜಪಾನ್ ಹೀಗೆ ದೇಶ ದೇಶ ಸುತ್ತಿ ಪ್ರತಿಯೊಂದರ ಮೇಲೂ ನಗೆಯ ಪ್ರವಾಸ ಕಥನ ಬರೆದರು. 1956ರಲ್ಲಿ ಹಂಗೇರಿಯ ಜನ ದಂಗೆಯೆದ್ದಾಗ ಬಿಬಿಸಿಗಾಗಿ ಅಲ್ಲಿಗೆ ಹೋಗಿ ವರದಿ ಮಾಡಿದವರೂ, ಆ ದಂಗೆಯ ಮೇಲೆ ಗಂಭೀರ ಗ್ರಂಥ ಬರೆದವರೂ ಇವರೇ. ಮೇಯ್ಲ್ ಬಿಸಿಲು ಹುಡುಕಿ ಹೋದವರು, ಮಿಕೆಶ್ ಯುರೋಪಿನ ಕತ್ತಲೆಗೆ ಸಿಕ್ಕಿ ಹಿಂತಿರುಗಲಾಗದೆ ಉಳಿದವರು. ಹಿನ್ನೆಲೆ ಇಷ್ಟು ಬೇರೆಯಾದರೂ ಇಬ್ಬರ ಬರಹದಲ್ಲೂ ಒಂದು ಗುಣ ಸಮಾನ. ತಮ್ಮನ್ನು ಉಳಿಸಿಕೊಂಡ ನೆಲದ ಮೇಲೆ ಇಬ್ಬರಿಗೂ ಅಕ್ಕರೆ ಇದೆ.

ಮತ್ತೆ ಲ್ಯೂಬೆರೋನ್‌ಗೆ ಬರೋಣ. ಬೊನ್ಯೂ ದಾಟಿದ ಮೇಲೆ ಬೆಟ್ಟಸಾಲನ್ನು ಸೀಳಿಕೊಂಡು ಒಂದು ಕಿರುಕಣಿವೆಯ ದಾರಿ ದಕ್ಷಿಣಕ್ಕೆ ಇಳಿಯುತ್ತದೆ. ಎರಡೂ ಬದಿಗೆ ಬಂಡೆಗೋಡೆ, ತಿರುವಿನ ಮೇಲೆ ತಿರುವು. ಕಣಿವೆ ತೆರೆದುಕೊಂಡಲ್ಲಿ ಲೂರ್ಮರಾನ್ ಎಂಬ ಊರು. 1957ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಆಲ್ಬೆರ್ ಕಾಮು ಮರುವರ್ಷ ಆ ಹಣದಿಂದ ಇಲ್ಲಿ ಮನೆ ಕೊಂಡಿದ್ದರು. 1960ರ ಜನವರಿ 4ರಂದು ರಸ್ತೆ ಅಪಘಾತದಲ್ಲಿ ತೀರಿಕೊಂಡ ಅವರನ್ನು ಮಣ್ಣು ಮಾಡಿದ್ದು ಇದೇ ಊರಿನ ಸ್ಮಶಾನದಲ್ಲಿ. ಅಮೆರಿಕದಿಂದ ಮರಳಿದ ಮೇಯ್ಲ್ ಈ ದಕ್ಷಿಣದ ಬದಿಯಲ್ಲಿ, ಮೊದಲು ಲೂರ್ಮರಾನ್‌ನಲ್ಲಿ, ಮುಂದೆ ಹತ್ತಿರದ ವೋಜಿನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. ಈ ಸಲ ಮನೆಯ ಗುರುತು ಯಾರಿಗೂ ಸಿಗದಂತೆ ಎಚ್ಚರ ವಹಿಸಿದರು.

ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. ಕಡೆಗೂ ಕಾದಂಬರಿಗಳನ್ನೂ ಬರೆದರು. ಜಾಹೀರಾತಿನ ದಿನಗಳ ಗೆಳೆಯ, ಚಿತ್ರನಿರ್ದೇಶಕ ರಿಡ್ಲಿ ಸ್ಕಾಟ್, ಮೇಯ್ಲ್ ಬರೆದ ‘ಎ ಗುಡ್ ಇಯರ್’ ಕಾದಂಬರಿಯನ್ನು 2006ರಲ್ಲಿ ರಸೆಲ್ ಕ್ರೋ ಅವರೊಂದಿಗೆ ಇದೇ ತಪ್ಪಲಿನಲ್ಲಿ ಚಿತ್ರೀಕರಿಸಿದರು. ಫ್ರಾನ್ಸ್ ಸರಕಾರ 2002ರಲ್ಲಿ ತನ್ನ ಉನ್ನತ ಗೌರವವಾದ ಲೆಜಿಯೋನ್ ದೋನರ್ ಕೊಟ್ಟು ಆ ಇಂಗ್ಲಿಷ್ ಲೇಖಕರನ್ನು ತನ್ನವರೆಂದು ಒಪ್ಪಿಕೊಂಡಿತು. 2018ರ ಜನವರಿ 18ರಂದು, 78ನೆಯ ವಯಸ್ಸಿನಲ್ಲಿ, ಅವರು ಪ್ರೊವಾನ್ಸಿನಲ್ಲೇ ತೀರಿಕೊಂಡರು. ಅಲ್ಲಿ ಕಳೆದ ಇಪ್ಪತ್ತೈದು ವರ್ಷಗಳನ್ನು ನೆನೆಯುವ ಅವರ ಕೊನೆಯ ಪುಸ್ತಕ ಅದೇ ವರ್ಷ ಹೊರಬಂತು.

ಪರದೇಶದ ನಗೆಗೆ ವಯಸ್ಸು ಅಡ್ಡಿಯಲ್ಲ ಎನ್ನಲು ಕನ್ನಡದಲ್ಲೂ ಒಂದು ದೊಡ್ಡ ಹೆಸರಿದೆ. ಹೇಮಾವತಿಯ ದಂಡೆಯ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಚಿತ್ರಗಳು’ ಪುಸ್ತಕದಿಂದ ತರುಣ ವಯಸ್ಸಿಗೇ ತಿಳಿಹಾಸ್ಯಕ್ಕೆ ಹೆಸರಾಗಿದ್ದರು. ಹಾಗಾಗಿ ಅವರು ಹಾಸ್ಯವನ್ನು ತಡವಾಗಿ ಕಂಡುಕೊಂಡವರಲ್ಲ. ಆದರೆ ಹಾಸನ ಜಿಲ್ಲೆಯ ಹಳ್ಳಿಯನ್ನು ನೋಡಿ ಪಳಗಿದ ಆ ಕಣ್ಣು ಮುಪ್ಪಿನಲ್ಲಿ ಅಮೆರಿಕವನ್ನು ನೋಡಿತು. ‘ಅಮೆರಿಕದಲ್ಲಿ ಗೊರೂರು’ ಪ್ರಕಟವಾದದ್ದು 1979ರಲ್ಲಿ, ಅವರಿಗೆ ಎಪ್ಪತ್ತೈದಾಗಿದ್ದಾಗ. ಮರುವರ್ಷ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಹಳ್ಳಿಯ ಚಿತ್ರಗಳಿಗೆ ಬಾರದ ರಾಷ್ಟ್ರಮಟ್ಟದ ಆ ಮನ್ನಣೆ ಪ್ರವಾಸ ಕಥನಕ್ಕೆ ಬಂತು.

ಇವತ್ತು ಗೊರೂರರ ದಾರಿಯಲ್ಲಿ ಹೋಗಿಬರುವ ಕನ್ನಡಿಗರು ಬಹಳ. ನಿವೃತ್ತಿಯಾದ ಮೇಲೆ ಮಗನ ಮನೆಗೋ ಮಗಳ ಬಾಣಂತನಕ್ಕೋ ನ್ಯೂಜೆರ್ಸಿ, ಟೆಕ್ಸಾಸ್, ಸಿಡ್ನಿ, ಲಂಡನ್‌ಗಳಿಗೆ ಹೋಗಿ ತಿಂಗಳುಗಟ್ಟಲೆ ಇದ್ದು ಬರುತ್ತಾರೆ. ಬ್ಯಾಂಕಿನಲ್ಲಿ, ಶಾಲೆಯಲ್ಲಿ, ಕಚೇರಿಯಲ್ಲಿ ಮೂವತ್ತು ವರ್ಷ ದುಡಿದು ಎಲ್ಲವನ್ನೂ ತಿಳಿದವರು ಅಲ್ಲಿ ಬಟ್ಟೆ ಒಗೆಯುವ ಯಂತ್ರದ ಗುಂಡಿಯ ಎದುರು, ಬಸ್ಸಿನ ಟಿಕೆಟ್ ಯಂತ್ರದ ಎದುರು, ಪಕ್ಕದ ಮನೆಯವರ ಉಚ್ಚಾರಣೆಯ ಎದುರು ಹೊಸ ಶಿಷ್ಯರಾಗಿ ನಿಲ್ಲುತ್ತಾರೆ. ಮರಳಿ ಬಂದ ಮೇಲೆ ಅವರು ಬರೆಯುವುದು ಹೆಚ್ಚಾಗಿ ನಯಾಗರದ ಎತ್ತರ, ರಸ್ತೆಗಳ ಅಗಲ, ಊರಿನ ಶುಚಿತ್ವ. ಆ ಶಿಷ್ಯತನದ ಕಥೆ ಊಟದ ಹೊತ್ತಿನ ಮಾತಿನಲ್ಲೇ ಮುಗಿದುಹೋಗುತ್ತದೆ.

ಅದನ್ನು ಬರೆಯಬೇಕು. ದೊಡ್ಡ ಪುಸ್ತಕದ ಯೋಚನೆ ಬೇಡ. ಊರಿನಲ್ಲಿರುವ ಒಬ್ಬ ಗೆಳೆಯನಿಗೋ ಅಕ್ಕನಿಗೋ ತಿಂಗಳಿಗೊಂದು ಉದ್ದನೆಯ ಕಾಗದ ಬರೆದರೆ ಸಾಕು. ನೋಡಿದ ಜಾಗಕ್ಕಿಂತ ಎದುರಾದ ಮನುಷ್ಯರ ವಿಚಾರ ಹೆಚ್ಚಿರಲಿ. ಪ್ಲಂಬರ್ ಏನು ಹೇಳಿದ, ಕೈ ಹೇಗೆ ಆಡಿಸಿದ, ಅಂಗಡಿಯಾಕೆ ಯಾಕೆ ನಕ್ಕಳು, ತಾನು ಆಗ ಏನು ಮಾಡಿದೆ ಎಂಬ ವಿವರಗಳಿರಲಿ. ಕಾಗದಗಳನ್ನು ಕೂಡಿಡಿ, ವಾಪಸು ಬಂದ ಮೇಲೆ ಒಮ್ಮೆ ಓದಿ, ಅಚ್ಚಿಗೆ ಕೊಡಿ. ಕನ್ನಡದ ಪ್ರವಾಸ ಸಾಹಿತ್ಯಕ್ಕೆ ಈ ನಗು ಇನ್ನೂ ಬಹಳಷ್ಟು ಬೇಕಾಗಿದೆ.